ಮೂರನೆಯ ಹೆಸರಿನ ಫೋನ್ ನಂಬರು

ಕುದುರೆಮುಖ ಶಿಖರ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಅರ್ಜಿಯಲ್ಲಿ ಮೂರು ಹೆಸರಿದ್ದವು: ನಾನು, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಕುಣಿಗಲ್ಲಿನ ಗೆಳತಿ, ಮತ್ತು ಚೇಳೂರಿನಲ್ಲಿರುವ ನನ್ನ ಅತ್ತಿಗೆ.

ಕಾರ್ಖಾನೆಯಲ್ಲಿ ನಾನು ಬಿಡಿಭಾಗ ಅಳೆದು ಬರೆಯುವವಳು. ಮನೆಯಲ್ಲೂ ಅದೇ ಚಾಳಿ. ಅತ್ತಿಗೆ ಹತ್ತಿ ಅಭ್ಯಾಸ ಮಾಡಿದ್ದು ನನ್ನ ದಿನಚರಿ ಪುಸ್ತಕದಲ್ಲಿದೆ: ದೇವರಾಯನದುರ್ಗದ ಬೆಟ್ಟ ಐದು ಭಾನುವಾರ, ಕೊನೆಯ ಸಲ ಎಲ್ಲೂ ಕೂರದೆ. ಅಣ್ಣನಿಗೆ ಹರಕೆ ಎಂದು ಹೇಳಿದ್ದೆವು. ಅದೇ ಪುಟಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಯುಗಾದಿಯಿಂದೀಚೆಗೆ ನನ್ನ ಕಣ್ಣೆದುರೇ ಅಣ್ಣ ಅವಳಿಗೆ ಹೊಡೆದದ್ದು ಏಳು ಸಲ.

ಮದುವೆಯಾದ ಒಂಬತ್ತು ವರ್ಷದಲ್ಲಿ ಅವಳು ಗಂಡನ ಮನೆ, ಕೋರ ಎಂಬ ಊರಿನ ತವರು ಬಿಟ್ಟು ಎಲ್ಲೂ ಉಳಿದವಳಲ್ಲ. "ಒಂದ್ಸಲ, ಅವ್ನು ಕೂಗಿದ್ರೂ ಕೇಳಿಸ್ದಿರೋ ಕಡೆ ನಿಂತ್ಕೋಬೇಕು ಕಣೇ" ಎಂದಿದ್ದಳು. ಅಣ್ಣನಿಗೆ ಹೊರಡುವ ಹಿಂದಿನ ದಿನವಷ್ಟೇ ತಿಳಿಸುವುದೆಂದು ಗೊತ್ತು ಮಾಡಿಕೊಂಡಿದ್ದೆವು.

ತಪ್ಪು ಮಾಡಿದ್ದು ನಾನು. ಮೂವರ ಆಧಾರ್ ಪ್ರತಿಗಳ ಹಿಂದೆ ಅದಕ್ಕೆ ಜೋಡಿಸಿದ ಫೋನ್ ನಂಬರು ಬರೆದಿಟ್ಟಿದ್ದೆ. ಅದನ್ನೇ ನೋಡಿ ಅರ್ಜಿ ತುಂಬಿದೆ. ಅತ್ತಿಗೆಯ ಆಧಾರ್‌ಗೆ ಜೋಡಿಸಿದ್ದು ಅಣ್ಣನ ನಂಬರು. ನಮ್ಮ ಕಡೆ ರೇಷನ್ನು, ಗ್ಯಾಸು, ಬ್ಯಾಂಕು, ಹೆಂಗಸರ ಯಾವ ಸಂದೇಶವಾದರೂ ಬಂದು ಬೀಳುವುದು ಗಂಡಸರ ಜೇಬಿಗೆ. ನನಗೆ ಇದು ಗೊತ್ತಿರದ ವಿಷಯವೇನಲ್ಲ.

ಶನಿವಾರ ಅನುಮತಿ ಸಿಕ್ಕ ಸಂದೇಶ ಬಂದಾಗ ಅಣ್ಣ ಟೀ ಅಂಗಡಿಯಲ್ಲಿದ್ದನಂತೆ. ಇಂಗ್ಲಿಷಿನಲ್ಲಿತ್ತೆಂದು ಸ್ನೇಹಿತನ ಕೈಗೆ ಕೊಟ್ಟ. ಅವನು ಎಲ್ಲರೆದುರು, "ಏನ್ಲಾ, ನಿನ್ ಹೆಂಡ್ತಿ ವನವಾಸಕ್ಕೆ ಹೊಂಟವ್ಳೆ, ನಿನ್ ಹೆಸ್ರೇ ಇಲ್ವಲ್ಲೋ!" ಎಂದು ನಕ್ಕನಂತೆ.

ಆಗ ನಾನು ಚೇಳೂರಿನ ಅಣ್ಣನ ಮನೆಯಲ್ಲೇ ಇದ್ದೆ. ಅಣ್ಣ ನಗುತ್ತಲೇ ಒಳಗೆ ಬಂದ. "ಏನಮ್ಮಾ ಸೀತಮ್ಮ, ಕಾಡಿಗ್ ಹೊಂಟ್ಯಾ?" ಎಂದು ಕೈಯಲ್ಲಿದ್ದ ಫೋನಿನಿಂದಲೇ ಬಾಯಿಗೆ ಹೊಡೆದ. ತುಟಿ ಒಡೆಯಿತು. ಅವಳು ಅಂಗಳಕ್ಕೆ ಓಡಿದಳು. ಅಲ್ಲಿ ಸೌದೆಗೆಂದು ಒಣಗಲು ಹಾಕಿದ್ದ ತೆಂಗಿನ ಹೆಡೆಮಟ್ಟೆ ಎತ್ತಿಕೊಂಡ. ಬೆನ್ನಿಗೆ ಎರಡು. ಮೂರನೆಯದಕ್ಕೆ ಅವಳು ಎಡಗೈ ಅಡ್ಡ ಹಿಡಿದಳು. ಮಣಿಕಟ್ಟಿನ ಮೇಲೆ ಕೈ ಬಾಗಬಾರದ ಕಡೆಗೆ ಬಾಗಿತು. ನಾನು ಅವನ ತೋಳು ಕಚ್ಚಿ ನೇತಾಡಿದೆ. ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ. ನನ್ನ ತಲೆಯನ್ನು ಕಂಬಕ್ಕೆ ಬಡಿದ.

"ಹೆಸ್ರು ಹಾಕ್ಸಿದ್ದು ನಾನಣ್ಣ."

"ಗೊತ್ತು ಕಣೇ. ನಿನ್ ಪಾಲು ಆಮೇಲೆ."

ಅಕ್ಕಪಕ್ಕದವರು ಬಂದು ಅವನನ್ನು ಹಿಡಿದುಕೊಂಡ ಮೇಲೆ ಆಟೋ ಸಿಕ್ಕಿತು. ಗುಬ್ಬಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಬಚ್ಚಲಲ್ಲಿ ಜಾರಿದಳು ಎಂಬ ಮಾತು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಹಿಂದೆ ಎರಡು ಸಲ ಅದನ್ನೇ ಹೇಳಿದ್ದೆ.

"ಗಂಡ ಮುರ್ದ. ಹಂಗೇ ಬರ್ಕೊಳಿ" ಎಂದಳು ಅತ್ತಿಗೆ.

ಡಾಕ್ಟರು ಪೊಲೀಸರಿಗೆ ತಿಳಿಸಿದರು. ಆರು ವಾರ ಪ್ಲಾಸ್ಟರು, ಬೆಟ್ಟಗಿಟ್ಟ ಹತ್ತುವಂತಿಲ್ಲ ಎಂದರು. ನಮ್ಮ ಚಾರಣಕ್ಕೆ ಉಳಿದದ್ದು ಹದಿನಾರು ದಿನ. ಗೆಳತಿಗೆ ಫೋನು ಮಾಡಿ, ಅರ್ಜಿಯಿಂದ ಅತ್ತಿಗೆಯ ಹೆಸರು ತೆಗೆಸುತ್ತೇನೆ ಎಂದೆ. "ಅವ್ರದ್ದೊಂದೇ ಯಾಕೆ ತೆಗೀತೀಯಾ? ಮೂರೂ ತೆಗ್ದಾಕು, ಆಮೇಲ್ ಒಟ್ಗೇ ಹೋಗೋಣ" ಎಂದಳು.

ಅಷ್ಟರಲ್ಲಿ ಅಣ್ಣನ ಕರೆ ಬಂತು. ಸ್ಪೀಕರ್ ಹಾಕಿದೆ.

"ಸಂಜೆ ಒಳ್ಗೆ ಮನೆಗ್ ಬರ್ದಿದ್ರೆ ಕಾಲೂ ಮುರೀತೀನಿ ಅನ್ನು ಅವ್ಳಿಗೆ."

ಅತ್ತಿಗೆ ಒಡೆದ ತುಟಿಯಲ್ಲೇ ಫೋನಿನ ಹತ್ತಿರ ಬಾಗಿದಳು. "ಅದುಕ್ಕೇ ಬರಕಿಲ್ಲ. ಕಾಲು ಬೇಕಾಗ್ತದೆ."

ಪೊಲೀಸರು ಹೇಳಿಕೆ ಬರೆದುಕೊಂಡು ಹೋದ ಮೇಲೆ ನಾವು ಚೇಳೂರಿನ ಬಸ್ಸು ಹತ್ತಲಿಲ್ಲ. ತುಮಕೂರಿಗೆ ಬಂದು ಕೋರದ ಬಸ್ಸಿನಲ್ಲಿ ಕುಳಿತೆವು. ಚಾರಣಕ್ಕೆ ಪ್ಲಾಸ್ಟರ್ ಬಿಚ್ಚಿದ ಮೇಲಿನ ನಾಲ್ಕನೆಯ ಶನಿವಾರ ಆಗಬಹುದೇ ಎಂದು ಕೇಳಿದೆ. "ಆಗ ಮೇಲೆ ಚಳಿ ಜಾಸ್ತಿಯಂತೆ ಅತ್ತಿಗೆ."

"ಚಳಿ ಇದ್ರೆ ಇರ್ಲಿ ಬುಡು" ಎಂದು ಕಿಟಕಿಯ ಪಕ್ಕಕ್ಕೆ ಸರಿದಳು.