ಟವೆಲಿನ ಕಡೆಗೆ ಈಜಿದ ಇಲಿಗಳು

ಬೆಳಿಗ್ಗೆ ಬಂದ ಕೂಡಲೇ ಇಲಿಯಕ್ಕ ನಾಲ್ಕು ಟವೆಲುಗಳನ್ನು ಹೀಟರಿನ ಮೇಲೆ ಹರವುತ್ತಾಳೆ. ಕೋಟು, ಗ್ಲೌಸು, ಪಂಜರದ ಬಾಗಿಲು ಎಲ್ಲ ಅದಾದ ಮೇಲೆ. ಹನ್ನೊಂದು ವರ್ಷದಲ್ಲಿ ಅವಳು ಕೆಲಸಕ್ಕೆ ಬಾರದೆ ಇದ್ದದ್ದು ಮೊಣಕಾಲಿನ ಆಪರೇಷನ್ನಿಗೆ ಮಲಗಿದ ಹತ್ತು ದಿನ ಮಾತ್ರ. ಆ ಹತ್ತು ದಿನದಲ್ಲಿ ಮಹಾವಿಜ್ಞಾನವೊಂದು ತಲೆಕೆಳಗಾಯಿತು.

ನೆನಪಿನ ಬಗ್ಗೆ ಸಂಶೋಧನೆ ನಡೆಯುವ ಕಟ್ಟಡದ ನೆಲಮಾಳಿಗೆಯಲ್ಲಿ ಇಲಿ ಸಾಕುವುದು ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ಆಳು ಮಲಗುವಷ್ಟು ಅಗಲದ ದುಂಡು ತೊಟ್ಟಿ ಇದೆ. ಅದರ ನೀರಿಗೆ ಹಾಲಿನ ಪುಡಿ ಕದಡಿ ಬೆಳ್ಳಗೆ ಮಾಡಿರುತ್ತಾರೆ. ಒಳಗೆ ಒಂದು ಕಡೆ, ಕಣ್ಣಿಗೆ ಕಾಣದ ಹಾಗೆ, ಅಂಗೈಯಗಲದ ಮಣೆ. ನೀರಿಗೆ ಬಿಟ್ಟ ಇಲಿ ಈಜಿ ಈಜಿ ಆ ಮಣೆ ಹತ್ತಬೇಕು. ಮರುದಿನ ಇನ್ನೂ ಬೇಗ ಹತ್ತಿದರೆ ಅದಕ್ಕೆ ದಾರಿ ನೆನಪಿದೆ ಎಂದು ಲೆಕ್ಕ. ಗೋಡೆಗಳಿಗೆ ಒಂದು ತ್ರಿಕೋನ, ಒಂದು ನಕ್ಷತ್ರ, ಒಂದು ಚೌಕ ಅಂಟಿಸಿದ್ದರು. ಇಲಿ ದಾರಿ ಹುಡುಕುವುದು ಅವುಗಳನ್ನು ನೋಡಿಕೊಂಡೇ ಎನ್ನುವುದು ಪ್ರೊಫೆಸರ ಸಿದ್ಧಾಂತ. ನೆನಪಿನ ಈ ಪಂಡಿತರು ಇಲಿಯನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ ಅವರಿಗೇ ನೆನಪಿರಲಿಲ್ಲ.

ಇಲಿಯಕ್ಕ ಮಣೆಯಿರುವ ಬದಿಯ ಹತ್ತಿರ ಕಬ್ಬಿಣದ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಬೆಚ್ಚಗಿನ ಟವೆಲು ಹರವಿ ಕೂರುತ್ತಿದ್ದಳು. ಮೇಲೆ ಬಂದ ಇಲಿಯನ್ನು ಎತ್ತಿ ಒರೆಸುತ್ತಿದ್ದಳು. ಹೀಗೆ ಮಾಡೆಂದು ಯಾರೂ ಹೇಳಿದ್ದಲ್ಲ. ‘ನೀರಲ್ಲಿ ಬಿದ್ದ ಜೀವ, ನಡುಗ್ತಾ ಇರತ್ತೆ. ಹಾಗೇ ಬಿಡೋಕಾಗತ್ತಾ?’ ಎನ್ನುತ್ತಾಳೆ.

ಅವಳು ಆಸ್ಪತ್ರೆ ಸೇರಿದಾಗ ಒರೆಸುವ ಕೆಲಸ ಸಂಶೋಧಕಿಯ ಪಾಲಿಗೆ ಬಂತು. ಎರಡು ಮಕ್ಕಳ ತಾಯಿ, ಐದು ವರ್ಷದಿಂದ ಅದೇ ತೊಟ್ಟಿಯ ಪಕ್ಕ ನಿಂತು ಡಾಕ್ಟರೇಟಿಗೆ ದುಡಿಯುತ್ತಿದ್ದವಳು. ಮರೆವು ಕಳೆಯಲೆಂದು ಪ್ರೊಫೆಸರು ಕಂಡುಹಿಡಿದ ಮದ್ದನ್ನು ಇಲಿಗಳಿಗೆ ಚುಚ್ಚುವವಳೂ ಅವಳೇ. ಓಡಾಡಲು ಅಡ್ಡವೆಂದು ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದು, ಟವೆಲು ಹಿಡಿದು ಅಲ್ಲಿ ಕೂತಳು. ಮದ್ದು ಚುಚ್ಚಿಸಿಕೊಂಡ ಇಲಿ, ಚುಚ್ಚಿಸಿಕೊಳ್ಳದ ಇಲಿ, ಎಲ್ಲವೂ ಮಣೆ ಬಿಟ್ಟು ಬಾಗಿಲ ಕಡೆಗೆ ಈಜಿ, ಅಲ್ಲೇ ಸುತ್ತಿ ಸುತ್ತಿ ಸುಸ್ತಾದವು.

ಪ್ರೊಫೆಸರ ಮದ್ದು ಸೋಲುವುದುಂಟೇ? ಕುಣಿಯಲಾರದವರಿಗೆ ಡೊಂಕು ನೆಲವೊಂದು ಬೇಕಿತ್ತು. ಸಂಶೋಧಕಿ ಡೋಸು ತಪ್ಪಿಸಿದ್ದಾಳೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡಲಿ ಎಂದು ಕಾಗದ ಬರೆದರು.

ಕೋಲೂರಿಕೊಂಡು ವಾಪಸು ಬಂದ ಇಲಿಯಕ್ಕ ಕಂಡದ್ದು ಮೇವಿನ ಚೀಲಗಳ ಮಧ್ಯೆ ಕೂತು ಅಳುತ್ತಿದ್ದ ಸಂಶೋಧಕಿಯನ್ನು. ಪೂರ್ತಿ ಕೇಳಿಸಿಕೊಂಡಳು.

‘ಕುರ್ಚಿ ಯಾರಮ್ಮ ಎಳೆದಿದ್ದು?’

‘ನಾನೇ ಅಕ್ಕ. ಯಾಕೆ?’

‘ಅವು ಹುಡುಕೋದು ನಕ್ಷತ್ರನಲ್ಲ ಕಣಮ್ಮ. ಟವೆಲನ್ನ.’

ಇಬ್ಬರೂ ಮೇಲಿನ ಮಹಡಿಗೆ ಹೋದರು. ಪ್ರೊಫೆಸರು ಕೇಳಿ ನಕ್ಕರು.

‘ಇಲಿ ನಿನ್ನ ನೆನಪಿಟ್ಕೊಳ್ಳೋಕೆ ನೀನೇನು ಅದಕ್ಕೆ ಅತ್ತೆನಾ?’

‘ಅತ್ತೆ ಆಗಿದ್ರೆ ಮೊದಲನೇ ದಿನಾನೇ ಮರೀತಿದ್ವು ಸಾರ್. ಒಂದ್ಸಲ ಕೆಳಗೆ ಬಂದು ನೋಡಿ.’

ಮೂಗಿಗೆ ಕರ್ಚೀಫು ಹಿಡಿದು ಬಂದರು. ಇಲಿಯಕ್ಕ ಎಡಗೋಡೆಗೆ ಕುರ್ಚಿ ಹಾಕಿ ಕೂತಳು. ಇಲಿ ಎಡಕ್ಕೆ ಈಜಿತು. ಬಲಕ್ಕೆ ಕೂತಳು, ಬಲಕ್ಕೆ ಬಂತು. ಸಂಶೋಧಕಿ ತ್ರಿಕೋನ, ನಕ್ಷತ್ರ, ಚೌಕ ಮೂರನ್ನೂ ಕಿತ್ತು ತೆಗೆದಳು. ಇಲಿಗಳಿಗೆ ಅದು ಗೊತ್ತೂ ಆಗಲಿಲ್ಲ. ಪ್ರೊಫೆಸರ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಾಯಿತು.

ತಪ್ಪಾಯಿತು ಎನ್ನುವ ಮಾತು ಕೆಲವು ದೊಡ್ಡವರ ಗಂಟಲಿನಿಂದ ಮೇಲೆ ಬರುವುದೇ ಇಲ್ಲ. ಎರಡು ತಿಂಗಳಲ್ಲಿ ಅವರ ಹೊಸ ಲೇಖನ ಸಿದ್ಧವಾಯಿತು: ಸಾಕುವವರೇ ಇಲಿಗೆ ಗುರುತು ಎಂಬ ಅನುಮಾನ ನಮಗೆ ಮೊದಲಿನಿಂದಲೂ ಇತ್ತು, ಅದಕ್ಕೇ ಕುರ್ಚಿ ಜರುಗಿಸಿ ಪರೀಕ್ಷೆ ಮಾಡಿಸಿದೆವು ಎಂದು. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದ ಅಜ್ಜಿಗಾದರೂ ಕೋಳಿ ಸ್ವಂತದ್ದಾಗಿತ್ತು. ಸಂಶೋಧಕಿಯನ್ನು ಸದ್ಯಕ್ಕೆ ಇರು ಎಂದರು. ಡೋಸಿನ ಕಾಗದವನ್ನು ಮಾತ್ರ ಅವಳ ಫೈಲಿನಿಂದ ತೆಗೆಯಲಿಲ್ಲ. ತೆಗೆದರೆ ತಪ್ಪು ತಮ್ಮದೇ ಎಂದು ಒಪ್ಪಿದಂತೆ. ಅದು ಅಲ್ಲಿರುವ ತನಕ ಅವಳಿಗೆ ಡಾಕ್ಟರೇಟು ಇಲ್ಲ.

ಒಂದು ಮಧ್ಯಾಹ್ನ ಇಲಿಯಕ್ಕನನ್ನು ಕರೆಸಿದರು.

‘ಕೂತ್ಕೋ. ಲೇಖನದ ಕೊನೇಲಿ ನಿಂಗೆ ಕೃತಜ್ಞತೆ ಹೇಳ್ತಿದೀನಿ. ಪ್ರಪಂಚದಲ್ಲೆಲ್ಲ ಓದ್ತಾರೆ. ನಿನ್ನ ಪೂರ್ತಿ ಹೆಸರೇನು?’

‘ಏನಂತ ಬರ್ದಿದೀರ ಸಾರ್?’

ಓದಿದರು: ‘ನಮ್ಮ ಸೂಚನೆಯಂತೆ ಕುರ್ಚಿಯನ್ನು ಜರುಗಿಸಿದ ಸಹಾಯಕಿಗೆ...’

‘ಸೂಚನೆ ಯಾವತ್ತು ಕೊಟ್ರಿ? ಆಗ ನಾನು ಆಸ್ಪತ್ರೇಲಿ ಕಾಲು ಚಾಚಿ ಮಲಗಿದ್ದೆ.’

‘ಅದೆಲ್ಲ ಬರೆಯೋ ರೀತಿ ಇಲಿಯಕ್ಕ. ನಿಂಗೆ ಅರ್ಥ ಆಗಲ್ಲ.’

‘ಅರ್ಥ ಆಯ್ತು ಸಾರ್. ಅಲ್ಲಿ ನನ್ನ ಹೆಸರು ಹಾಕಿದ್ರೆ, ಕುರ್ಚಿ ಎಳೆದಿದ್ದು ಆಕೆ ಅನ್ನೋದು ಮುಚ್ಚಿಹೋಗಿ, ಆಕೆ ಡೋಸು ತಪ್ಪಿಸಿದ್ಲು ಅನ್ನೋದಕ್ಕೂ ನಾನೇ ಸಾಕ್ಷಿ ಆಗ್ತೀನಿ. ಮೇಲೊಬ್ಬ ನೋಡ್ತಿರ್ತಾನಲ್ಲ, ಅವನಿಗೆ ನಿಮ್ಮ ಬರೆಯೋ ರೀತಿ ಗೊತ್ತಿಲ್ಲ. ನಂಗೆ ಕೃತಜ್ಞತೆ ಬೇಡ. ಆಕೆ ಕಾಗದ ಹರೀರಿ, ಸಾಕು.’

ಹೆಸರು ಹೇಳದೆಯೇ, ಕೋಲು ತೆಗೆದುಕೊಂಡು ಎದ್ದಳು.