ನಾನು ಹೊಡೆದುಹಾಕಿದ ವಾಕ್ಯ

ಸಿಂಗಸಂದ್ರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ಇಂಗ್ಲಿಷ್ ಕಲಿಸುತ್ತೇನೆ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಕ್ಲಾಸು. ಪಾಠಕ್ಕಿಂತ ತಿದ್ದುವುದೇ ಹೆಚ್ಚು. ಕೆಲಸದ ಜಾಗದಲ್ಲಿ ನಿಜವಾಗಿ ಹೇಳಬೇಕಾದ ಐದು ವಾಕ್ಯ ಬರೆದು ತರಬೇಕು, ನಾನು ತಿದ್ದಿಕೊಟ್ಟದ್ದನ್ನು ಅಲ್ಲೇ ಹೋಗಿ ಬಳಸಬೇಕು. ನಿಯಮ ನನ್ನದೇ. ಕೆಂಪು ಪೆನ್ನು ಸಿಕ್ಕರೆ ನನಗೆ ಕೊಬ್ಬು ಬರುತ್ತದೆ ಎಂದು ತಂಗಿ ಹೇಳುತ್ತಾಳೆ. ಸುಳ್ಳೇನಲ್ಲ.

ಆ ಹುಡುಗಿ ಅತ್ತಿಬೆಲೆ ಪಕ್ಕದ ಹಳ್ಳಿಯವಳು. ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಮೇಲೆ ಕೆಲಸ. ಆಫೀಸರಿಗೆ ಕನ್ನಡ ಬಾರದು, ಅದಕ್ಕೇ ಈ ಇಂಗ್ಲಿಷ್. ಆಯುಧ ಪೂಜೆಯ ಮರುವಾರ, ಮಂಗಳವಾರ, ಅವಳ ನೋಟ್‌ಬುಕ್ಕಿನಲ್ಲಿ ಹೀಗಿತ್ತು: 'ಪುಟ್ ಕವರ್ ಟುಡೇ. ಮೈ ಹ್ಯಾಂಡ್ ವಿಲ್ ಗೋ.'

ನನಗೆ ನಗು ಬಂತು. ಕನ್ನಡಕ್ಕೇ ಇಂಗ್ಲಿಷ್ ಅಂಗಿ ತೊಡಿಸಿ ಕಳಿಸಿದ್ದಳು. "ಸಾಹೇಬರಿಗೆ ಹೀಗೆ ಆರ್ಡರ್ ಮಾಡ್ತಾರೇನೇ?" ಎನ್ನುತ್ತ ಎರಡನ್ನೂ ಹೊಡೆದುಹಾಕಿದೆ. ತಮಗೆ ಅನುಕೂಲವಾದಾಗ ಕವರ್ ಹಾಕಿಸಿದರೆ ಉಪಕಾರವಾಗುತ್ತದೆ ಎಂಬರ್ಥದ ಉದ್ದನೆಯ, ನಯವಾದ ವಾಕ್ಯ ಬರೆದುಕೊಟ್ಟೆ. ಕೈಯ ಮಾತನ್ನು ಬಿಟ್ಟೇಬಿಟ್ಟೆ. ಅವಳು ಮೂರು ಸಲ ಓದಿ, ಪುಟ ಹರಿದು ಮಡಚಿಕೊಂಡು ಹೋದಳು.

ಮರುದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದರು. ಸರ್ಕಾರಿ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ದುಡಿದು ನಿವೃತ್ತರಾದವರು, ಬಲಗೈಯಲ್ಲಿ ಎರಡು ಬೆರಳಿಲ್ಲ. ಹುಟ್ಟಿದಾಗಿನಿಂದ ಕಂಡ ಆ ಕೈಯನ್ನು ನಾನು ನೋಡುವುದನ್ನೇ ಬಿಟ್ಟಿದ್ದೆ. ಉಳಿದ ಬೆರಳುಗಳ ಸಂದಿಯಿಂದ ಸಾರನ್ನ ಜಾರುವುದನ್ನು ಕಂಡು ಆ ಹುಡುಗಿಯ ವಾಕ್ಯ ನೆನಪಾಯಿತು. ಅದು ಯಾವ ಕವರ್ ಎಂದು ನಾನು ಕೇಳಲೇ ಇಲ್ಲವಲ್ಲ!

"ಅಪ್ಪ, ಪ್ರೆಸ್ಸಿಗೆ ಕವರ್ ಅಂತ ಇರತ್ತಾ?"

"ಇರತ್ತೆ. ಕೈ ಒಳಗೆ ಹೋಗ್ದಂಗೆ ತಡೆಯೋಕೆ. ಪೂಜೆಗೆ ಬಿಚ್ಚಿ ಒರೆಸ್ತಾರೆ, ಕುಂಕುಮ ಇಡ್ತಾರೆ, ವಾಪಸ್ ಹಾಕಲ್ಲ. ಅದಿಲ್ದಿದ್ರೆ ಕೆಲಸ ಬೇಗ ಆಗತ್ತೆ ನೋಡು, ಮೇಲಿನವರೂ ಸುಮ್ನಿರ್ತಾರೆ. ನಂದೂ ಹಂಗೇ ಹೋಗಿದ್ದು," ಎಂದು ಅಪ್ಪ ಮಜ್ಜಿಗೆ ಕೇಳಿದರು.

ಅವಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು ಎಂದು ಅವಳೇ ಒಮ್ಮೆ ವಾಕ್ಯ ಬರೆದಿದ್ದಳು, ಅದನ್ನೂ ತಿದ್ದಿದ್ದೆ. ಸಂಜೆ ರಿಂಗಾಯಿತು, ಯಾರೂ ಎತ್ತಲಿಲ್ಲ. ಹೊಸೂರು ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ಮತ್ತೆ ಫೋನ್ ಮಾಡುತ್ತಿದ್ದೆ. ಅವಳ ಕೈಯ ಭಯ ಒಂದು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಪುಟದಲ್ಲಿ ನನ್ನ ಅಕ್ಷರವಿದೆ ಎಂಬ ಭಯ ಇನ್ನೊಂದು.

ಗುರುವಾರ ಅವಳು ನಗುತ್ತಲೇ ಬಂದಳು. ಎರಡೂ ಕೈ ನೆಟ್ಟಗಿದ್ದವು. "ಮೇಡಂ, ಆಫೀಸರ್ ಓದಿ ವೆರಿ ಗುಡ್ ಇಂಗ್ಲಿಷ್ ಅಂದ್ರು! ಎಲ್ರಿಗೂ ತೋರಿಸಿದ್ರು."

"ಕವರ್ ಹಾಕಿದ್ರಾ?"

"ಇಲ್ಲ ಮೇಡಂ. ಅನುಕೂಲ ಆದಾಗ ಆಕಿಸ್ತಾರಂತೆ."

ಅವಳ ನೋಟ್‌ಬುಕ್ ತೆಗೆದುಕೊಂಡು, ಹೊಸ ಪುಟದಲ್ಲಿ ದಪ್ಪಕ್ಷರದಲ್ಲಿ ಅವಳ ವಾಕ್ಯಗಳನ್ನೇ ಬರೆದೆ. ಒಂದಕ್ಷರ ತಿದ್ದಲಿಲ್ಲ. "ಇದನ್ನ ಕೊಡು. ಕವರ್ ಹಾಕೋವರೆಗೂ ಮೆಷಿನ್ ಮುಟ್ಟಬೇಡ."

"ಮುಟ್ದಿದ್ರೆ ಕೆಲ್ಸದಿಂದ ತೆಗೀತಾರೆ ಮೇಡಂ," ಎಂದಳು. ಆದರೂ ಪುಟ ಹರಿದು ಅವಳ ಕೈಗಿಟ್ಟೆ.

ಮತ್ತೆ ಎರಡು ದಿನ. ಶನಿವಾರ ಅವಳು ಕಾಲು ಗಂಟೆ ತಡ. ನಾನು ಕ್ಲಾಸು ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದೆ. ಕೊನೆಗೂ ಹತ್ತಿ ಬಂದವಳು, ನಾನು ಕೇಳುವ ಮೊದಲೇ, ಸ್ಕೂಲಿನಲ್ಲಿ ಉಗುರು ತೋರಿಸುವ ಹಾಗೆ ಎರಡೂ ಕೈ ಚಾಚಿದಳು.

"ಆಫೀಸರ್ ಸಕ್ಕತ್ ಬೈದ್ರು ಮೇಡಂ, ಇಂಗೇನಾ ಮಾತಾಡೋದು, ಮ್ಯಾನರ್ಸ್ ಇಲ್ವಾ ಅಂತ. ಬೈಕೊಂಡೇ ಕವರ್ ಆಕಿಸಿದ್ರು."

ನಾನು ಅವಳ ಹತ್ತೂ ಬೆರಳನ್ನು ಎಣಿಸಿದೆ. ಗ್ರೀಸ್ ಮೆತ್ತಿದ್ದ ಆ ಕೈಗಳನ್ನು ಹಿಡಿದುಕೊಂಡೇ ಕೇಳಿದೆ, "ಎಲ್ಲಾ ಮೆಷಿನ್‌ಗೂ ಹಾಕಿಸಿದ್ರಾ?"

"ಬರೀ ನನ್ ಮೆಷಿನ್‌ಗೆ. ಪಕ್ಕದ ಅಕ್ಕಂಗೆ ಇಂಗ್ಲಿಷ್ ಬರಲ್ವಲ್ಲ ಮೇಡಂ."

ಇನ್ನೊಂದು ಪುಟ ಹರಿ ಎಂದೆ.