ಟೈರಿನ ಮೇಲೆ ಹೆಬ್ಬೆರಳು

ನಿಂತಿರುವ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಅದುಮಿ ನೋಡದೆ ಮುಂದೆ ಹೋಗಬಲ್ಲ ಒಬ್ಬರನ್ನಾದರೂ ನೀವು ಕಂಡಿದ್ದೀರಾ? ನಮ್ಮ ಅರಕಲಗೂಡಿನಲ್ಲಿ ನಾನಂತೂ ಕಂಡಿಲ್ಲ. ಟೈರು ಕಲ್ಲಿನಂತಿರಬೇಕು ಎಂಬುದು ಇಲ್ಲಿನ ನಿಯಮ. ಜೋಳದ ಮೂಟೆಗಳನ್ನು ಸೈಕಲ್ಲು ಹೊರುತ್ತಿದ್ದ ಕಾಲದಲ್ಲಿ ಅದು ನ್ಯಾಯವೇ ಆಗಿತ್ತು. ಮೂಟೆ ಆಟೋ ಏರಿತು; ಹೆಬ್ಬೆರಳು ಮಾತ್ರ ಉಳಿಯಿತು.

ಸೈಕಲ್ಲಿನ ಪರವಾಗಿ ಸಭೆ ಸಿಕ್ಕಲ್ಲೆಲ್ಲ ವಾದಿಸುವ ನನಗೆ ಇದುವರೆಗೆ ಒಲಿದ ಅನುಯಾಯಿ ಒಬ್ಬಳೇ, ನನ್ನ ಹೆಂಡತಿ ಶಾರದೆ. ಆಕೆಯೂ ಕೈಬಿಡುವ ಹಂತದಲ್ಲಿದ್ದಳು. "ಈ ಭಾನ್ವಾರ ರಾಮನಾಥಪುರಕ್ಕೆ ಬತ್ತೀನಿ. ಆಗ್ಲೂ ಕೈ ಜೋಮು ಇಡಿದ್ರೆ ಸೈಕಲ್ ಮಾರ್ಬುಡಿ ಕಣ್ರೀ" ಎಂದಿದ್ದಳು. ಮುಂಜಾವಿನಲ್ಲಿ ಜೊತೆಯಾಗಿ ಉರುಳುವ ಎರಡು ನೆರಳುಗಳ ಕನಸು ನನ್ನದು. ಹಾಸನಕ್ಕೆ ಹೋಗಿ ಆಕೆಯ ಸೈಕಲ್ಲಿಗೆಂದು ಅಗಲವಾದ ಟೈರು, ಒತ್ತು ಬೀಳದಂತೆ ನಡುವೆ ಸೀಳು ಬಿಟ್ಟಿರುವ ಸೀಟು, ಬಾಗಿದ ಹ್ಯಾಂಡಲಿಗೆ ಸುತ್ತಲು ದಪ್ಪನೆಯ ಪಟ್ಟಿ ತಂದೆ. ರಸ್ತೆಯ ಪೆಟ್ಟು ಕೈಗೆ ತಾಗದಿರಲೆಂದು ಗಾಳಿಯನ್ನು ಹದವಾಗಿ, ತುಸು ಮೆದುವಾಗಿಯೇ ಇಟ್ಟೆ.

ಭಾನುವಾರ ಬೆಳಗ್ಗೆ ಅಂಗಳದಲ್ಲಿ, ಮಗಳ ಮನೆಗೆ ಬಂದಿದ್ದ ಮಾವನವರು ಪಂಪು ಹಿಡಿದು ಬೆವರುತ್ತಿದ್ದರು. "ಅಳಿಯಂದ್ರೇ, ಒಸಾ ಟೈರಲ್ಲಿ ಗಾಳಿನೇ ಇರ್ನಿಲ್ಲ! ಮಗಳು ಓಗೋ ಗಾಡಿ, ಕಲ್ಲಾದಂಗೆ ತುಂಬಿವ್ನಿ." ಕಾಲೇಜಿನ ಚರ್ಚಾಕೂಟಗಳಲ್ಲಿ ಯಾರಿಗೂ ಮಣಿಯದ ನಾನು, ಆ ಬೆವರಿಗೆ ಕೈಮುಗಿದು ಹೊರಟೆ.

ಶುಂಠಿ ಹೊಲಗಳ ಮೇಲೆ ಮಂಜು ಹಾಲಿನಂತೆ ಹರಡಿತ್ತು. ಶಾರದೆ ಮಾತ್ರ ಹಲ್ಲುಕಚ್ಚಿ ತುಳಿಯುತ್ತಿದ್ದಳು. ಒಂದು ತಿರುವಿನಲ್ಲಿ ಇಳಿದು ಕೈ ಕೊಡವಿ ಹೇಳಿದಳು: "ಟೈರು ನಿಮ್ ಭಾಷಣದಂಗೇ ಐತೆ. ಎಲ್ಲೂ ಬಗ್ಗಕಿಲ್ಲ. ಮಾರ್ಬುಡಿ."

ನಾನು ಮಂಡಿಯೂರಿ ಎರಡೂ ಚಕ್ರಗಳ ಗಾಳಿಯನ್ನು ಹದಕ್ಕೆ ಇಳಿಸಿದೆ. ಮಾವನವರ ಪ್ರೀತಿ ಸುಸ್ಸೆಂದು ಮಂಜಿಗೆ ಸೇರಿತು. "ಇನ್ನೊಂದು ಫರ್ಲಾಂಗು ನೋಡು" ಎಂದು ಬೇಡಿಕೊಂಡೆ.

ಆಕೆ ಹೊರಟಳು. ಅದೇ ರಸ್ತೆ, ಅವೇ ಹಳ್ಳದಿಣ್ಣೆ. ಆದರೂ ಸೈಕಲ್ಲು ದೋಣಿಯಂತೆ ತೇಲುತ್ತಿತ್ತು. ಫರ್ಲಾಂಗು ಮುಗಿಯಿತು, ಆಕೆ ನಿಲ್ಲಲಿಲ್ಲ. ಕಾವೇರಿ ಕಾಣುವವರೆಗೂ ನಾನು ಹಿಂದೆಯೇ ಉಳಿದೆ; ನೆರಳುಗಳು ಜೊತೆಯಾದದ್ದು ಹೊಳೆಯ ದಂಡೆಯಲ್ಲಿ.

ಮನೆಗೆ ಮರಳಿದಾಗ ಮಾವನವರ ಹೆಬ್ಬೆರಳು ಟೈರಿನತ್ತ ಚಾಚಿತು. ಶಾರದೆ ಅಡ್ಡ ನಿಂತಳು: "ಅಪ್ಪಾ, ಮುಟ್ಬ್ಯಾಡ ಕಣಪ್ಪ. ಬರೋ ವಾರನೂ ಓಗ್ಬೇಕು."

ದೃಢತೆಯೆಂದರೆ ಗಡಸುತನವೆಂದೇ ನಾನೂ ಬಹುಕಾಲ ವಾದಿಸಿದ್ದೆ. ಓದುಗರೇ, ನಿಮ್ಮಲ್ಲಿ ನನ್ನದೊಂದೇ ಕೋರಿಕೆ: ನಿಮ್ಮವರು ಸೈಕಲ್ ಏರುವ ಮುನ್ನ, ಟೈರಿನ ಮೇಲೆ ಅಚ್ಚಾಗಿರುವ ಮಿತಿಯೊಳಗೇ, ಗಾಳಿಯನ್ನು ತುಸು ಇಳಿಸಿಕೊಡಿ.